ಹಾರಲಾರದವನ ಮೂರನೇ ಅಧ್ಯಾಯ

ನಾಯಕ ಕಪ್ಪು, ಕೋಳಿಮರಿಯಷ್ಟು ಗಾತ್ರ,
ಕಣ್ಣು ಮಾತ್ರ ಕೆಂಡ.
ರೆಕ್ಕೆ ಇದೆ, ಇದೆ ಎಂದು ಹೇಳಿಕೊಳ್ಳುವಷ್ಟು.
ಹುಲ್ಲಿನ ಬುಡದಲ್ಲಿ ಸುರಂಗ ಹಿಡಿದು
ಇಲಿಯ ಹಾಗೆ ಓಡುತ್ತಾನೆ.
ಇಂಥವನಿಗೆ ನಾನೊಂದು ರಾಜ್ಯ ಕೊಟ್ಟಿದ್ದೇನೆ,
ಒಂದು ಶಾಪ, ಒಬ್ಬ ಶತ್ರು,
ಚಳಿಗಾಲದ ನನ್ನ ರಾತ್ರಿಗಳನ್ನೆಲ್ಲ.

ಮೊದಲೆರಡು ಅಧ್ಯಾಯ ಬರೆದದ್ದು
ಕಾರ್ಖಾನೆಯ ತೂಕದ ಪುಸ್ತಕದಲ್ಲಿ:
ಮುಂದಿನಿಂದ ಕಲ್ಲುಸಿಗಡಿಯ ಲೆಕ್ಕ,
ಹಿಂದಿನಿಂದ ಮಾಯಾಲೋಕ.
ಮೇ ತಿಂಗಳಲ್ಲಿ ಎರಡೂ ಒಂದೇ ಪುಟದಲ್ಲಿ ಎದುರಾದವು.
ಡ್ರ್ಯಾಗನ್ನಿನ ಮೊದಲ ಗರ್ಜನೆ, ಅದರ ಪಕ್ಕಕ್ಕೇ
ನಲವತ್ತೊಂದು ಕಿಲೋ, ಬಾಲ ಮಾತ್ರ, ಐಸು ಬಿಟ್ಟು.
ಮೇಸ್ತ್ರಿ ಕ್ಲೀಮೆಂಟ್ ಗರ್ಜನೆಯನ್ನೂ ಸೇರಿಸಿ
ಮೊತ್ತ ಹಾಕಿದ.
ಈಗ ಹೊಸ ಪುಸ್ತಕ, ಕೇಪ್‌ಟೌನಿನ ಹಡಗು ತಂದದ್ದು.

ಕತ್ತಿ ಹಿಡಿಯಲು ಅವನಿಗೆ ಕೈಯಿಲ್ಲ.
ಕೊಕ್ಕಿನಲ್ಲಿ ಹಿಡಿದರೆ ಮಾತಾಡುವಂತಿಲ್ಲ,
ಮಾತೇ ಆಡದೆ ಯಾವ ನಾಯಕ ಯುದ್ಧಕ್ಕೆ ಹೊರಟಾನು?
ಮೂರು ದಿನ ಆಲೂಗಡ್ಡೆ ಅಗೆಯುತ್ತ ಯೋಚಿಸಿದೆ.
ಕೈಯಿದ್ದವಳು ನಾನೊಬ್ಬಳೇ ತಾನೆ,
ಕತ್ತಿಯನ್ನು ಕೈಬಿಟ್ಟೆ.

ತಂಗಿಯ ಮೊಮ್ಮಗಳು ಪ್ರಿಸಿಲ್ಲಾ, ಹನ್ನೊಂದು ವರ್ಷ,
ಶಾಲೆಯ ಕಪಾಟಿನ ಮಾಯಾಕಥೆಗಳನ್ನೆಲ್ಲ ಅರೆದು ಕುಡಿದವಳು,
ಮೇಜಿಗೆ ಮೊಣಕೈ ಊರಿ ತೀರ್ಪು ಕೊಟ್ಟಳು:
'ಕೊನೆಯಲ್ಲಿ ರೆಕ್ಕೆ ಬರಲೇಬೇಕು, ಅಜ್ಜಿ.
ಇಲ್ಲದಿದ್ದರೆ ಕಥೆ ಯಾಕೆ?'

ಸರಿ ಎಂದು ಒಬ್ಬ ಮಾಂತ್ರಿಕನನ್ನು ಕರೆಸಿದೆ,
ಹಳದಿ ಮೂಗಿನ ಮುದಿ ಕಡಲಕೋಳಿ,
ಒಂದು ರೆಕ್ಕೆ ಬಿಚ್ಚಿದರೆ ನಮ್ಮ ಬಾಗಿಲು ಮುಚ್ಚುವಷ್ಟು.
'ಹೂಂ ಅನ್ನು, ಸಾಕು,' ಅಂದ ಅವನು,
'ಬೆಳಗಾಗುವುದರೊಳಗೆ ನಿನಗೂ ಇಂಥವೇ.'

ಅಲ್ಲಿಗೆ ಪೆನ್ನು ನಿಂತಿತು.
ಮೂರು ವಾರವಾಯಿತು, ನಾಯಕ ಬಾಯಿ ಬಿಡುತ್ತಿಲ್ಲ.

ಮೋಡ ಹರಿದ ದಿನ ಹೊಲದಿಂದ ಅವನ ದ್ವೀಪ ಕಾಣುತ್ತದೆ,
ಯಾರೂ ಹತ್ತಲಾಗದ್ದು ಎಂದೇ ಹೆಸರು ಅದಕ್ಕೆ.
ಒಮ್ಮೆ ದೋಣಿಯಲ್ಲಿ ಹೋಗಿ, ಹತ್ತಿ,
ಎರಡು ಉಸಿರಿನಷ್ಟು ಹೊತ್ತು ಅವನನ್ನು ನೋಡಿದ್ದೆ.
ಹಕ್ಕಿ ಎಣಿಸಲು ಬಂದ ಹುಡುಗಿ ಹೇಳಿದ್ದಳು:
ಇವನ ಹಿರಿಯರು ಹಾರಿಯೇ ಬಂದವರಂತೆ,
ಸಾಗರದಾಚೆಯ ಅಮೆರಿಕದ ತೆಂಕಣ ನೆಲದಿಂದ.
ಬಂದವರು ಮತ್ತೆ ಹೊರಡಲಿಲ್ಲ.
ಹೊಲದಿಂದ ಬಂದು ಬಾಗಿಲಲ್ಲಿ ಬೂಟು ಕಳಚುವಂತೆ
ತಲೆ ತಲೆಮಾರಿಗೆ ಇಷ್ಟಿಷ್ಟೇ
ರೆಕ್ಕೆ ಕಳಚಿಟ್ಟರು.

ನನಗೆ ಏಳು ವರ್ಷವಿದ್ದಾಗ ಊರ ಮಗ್ಗುಲಲ್ಲೇ ನೆಲ ಬಿರಿದು
ಬೆಂಕಿ ಉಗುಳಿತು.
(ಡ್ರ್ಯಾಗನ್ನಿಗಾಗಿ ನಾನು ಹೆಚ್ಚು ತಿಣುಕಲಿಲ್ಲ.)
ಟ್ರಿಸ್ಟನ್ನಿಗೆ ಟ್ರಿಸ್ಟನ್ನನ್ನೇ ಹಡಗು ಹತ್ತಿಸಿ
ಇಂಗ್ಲೆಂಡಿಗೆ ಒಯ್ದರು.
ಅಲ್ಲಿ ಟಿವಿ, ಡಬಲ್ ಡೆಕ್ಕರ್ ಬಸ್ಸು, ಬಿಡದ ನೆಗಡಿ.
ಎರಡು ವರ್ಷಕ್ಕೆ ದೊಡ್ಡವರು ಓಟು ಹಾಕಿ ಹೊರಟೇಬಿಟ್ಟರು.
ಬಂದರಿನಲ್ಲಿ ಪತ್ರಿಕೆಯವನೊಬ್ಬ ಅಮ್ಮನನ್ನು ಕೇಳಿದ:
'ಅಲ್ಲಿ ಅಂಥದ್ದೇನಿದೆ?'
ಅಮ್ಮ ಸ್ವಲ್ಪ ಯೋಚಿಸಿ, 'ಆಲೂಗಡ್ಡೆ,' ಅಂದಳು.
ಅವನು ಬರೆದುಕೊಳ್ಳಲಿಲ್ಲ.

ನಿನ್ನೆ ರಾತ್ರಿ ಗಾಳಿ ಛಾವಣಿಯನ್ನು ಅಲ್ಲಾಡಿಸುತ್ತಿತ್ತು.
ಸ್ಟೌವಿನ ಪಕ್ಕ ಕೂತು ಪುಸ್ತಕ ಬಿಚ್ಚಿದರೆ
ನಾಯಕ ತಾನಾಗಿ ಬಾಯಿ ಬಿಟ್ಟ.
ವೀರವಾಣಿಯೇನಲ್ಲ.
ಮಾಂತ್ರಿಕನ ರೆಕ್ಕೆಯನ್ನು ಈ ತುದಿಯಿಂದ ಆ ತುದಿಗೆ ನಡೆದು ಅಳೆದು
ಕೇಳಿದ:
'ಇದು ಹುಲ್ಲಿನೊಳಗೆ ಹಿಡಿಸುತ್ತದೆಯೇ?'

ಬೆಳಿಗ್ಗೆ ಪ್ರಿಸಿಲ್ಲಾ ಓದಿದಳು.
ಮೂಗಿನ ತುದಿ ಕೆಂಪಾಯಿತು. ಮೋಸ, ಅಂದಳು.
ಪುಸ್ತಕ ಮುಚ್ಚಿ ಕಿಟಕಿಯ ಹತ್ತಿರ ಹೋಗಿ ನಿಂತಳು.
ಆಮೇಲೆ, ನಾನು ನೋಡುತ್ತಿಲ್ಲವೆಂದುಕೊಂಡು,
ಎರಡೂ ತೋಳು ಅಗಲಕ್ಕೆ ಚಾಚಿ
ಅಡುಗೆಮನೆಯ ಮೇಜಿನ ಕೆಳಗೆ ನುಸುಳಲು ನೋಡಿದಳು.
ಮೇಜಿನ ಕಾಲಿಗೆ ಮಣಿಕಟ್ಟು ಬಡಿಯಿತು.
ಮತ್ತೊಮ್ಮೆ ನೋಡಿದಳು, ಓರೆಯಾಗಿ.

ಅಷ್ಟರಲ್ಲಿ ಊರ ಗಂಟೆ:
ಗ್ಯಾಸಿನ ಹಳೆಯ ಸಿಲಿಂಡರಿಗೆ ಸುತ್ತಿಗೆ, ಡಣ್ ಡಣ್,
ಸಮುದ್ರ ಒಪ್ಪಿದೆ, ದೋಣಿ ಇಳಿಯುತ್ತವೆ,
ಕತ್ತಲಾಗುವವರೆಗೆ ಕಾರ್ಖಾನೆಯಲ್ಲಿ ಕೈಗೆ ಬಿಡುವಿಲ್ಲ.
ಏಪ್ರನ್ ಕಟ್ಟಿಕೊಳ್ಳುತ್ತ ನೆನಪಾಯಿತು:
ಡ್ರ್ಯಾಗನ್ ಇನ್ನೂ ಅಲ್ಲೇ ಇದೆ,
ಹಳೆಯ ಪುಸ್ತಕದಲ್ಲಿ, ಸಿಗಡಿಯ ಮೊತ್ತದ ಪಕ್ಕ,
ತೆರೆದ ಬಾಯಿ ತೆರೆದುಕೊಂಡೇ.